ಹಂಡೆಯಲ್ಲಿ ಕಲ್ಲು ಕಟ್ಟುವದೇಕೆ?

ಬಯಲುಸೀಮೆಯ ಊರುಗಳಲ್ಲಿ ಬಾವಿಯ ನೀರನ್ನು ಕಾಯಿಸುವ ಹಂಡೆಯ ಒಳಮೈಯನ್ನು ತಡವಿ ನೋಡಿದವರಿಗೆಲ್ಲ ಅಲ್ಲಿ ಬೆಳ್ಳಗೆ ಒರಟಾಗಿ ಅಂಟಿಕೊಂಡಿರುವ ಹಕ್ಕಳೆಯ ಪರಿಚಯವುಂಟು. ಮೊದಲಲ್ಲಿ ಅದು ಹಿಟ್ಟು ಬಳಿದ ಹಾಗೆ ತೆಳುವಾಗಿರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಉಗುರಿಗೆ ಬಾರದಂತೆ ಗಟ್ಟಿಯಾಗುತ್ತದೆ. ವರುಷ ತುಂಬಿದರೆ ಕಲ್ಲೇ ಆಗಿಬಿಡುತ್ತದೆ. ಚಹದ ಕೆಟಲಿನಲ್ಲಿಯೂ, ಎಸರಿಡುವ ಪಾತ್ರೆಯ ಬುಡದಲ್ಲಿಯೂ, ನಲ್ಲಿಯ ಮೂತಿಯಲ್ಲಿಯೂ, ಸ್ನಾನದ ಮನೆಯ ಗೀಸರಿನ ಒಳಗೂ, ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಕೊಳವೆಗಳಲ್ಲಿಯೂ ಕಾಣುವದು ಇದೇ ಪದಾರ್ಥವು.

ದಿನಾಲು ಕಣ್ಣಿಗೆ ಬೀಳುವ ಈ ಸಣ್ಣ ಸಂಗತಿಯನ್ನು ಕುರಿತು ಬರೆಯುವದಕ್ಕೆ ಒಂದು ಕಾರಣವಿದೆ. ಕುದಿಸಿದ ನೀರಿನಲ್ಲಿ ಬಿಳೀ ಪೊರೆ ತೇಲುವದನ್ನೂ ತಳದಲ್ಲಿ ಪುಡಿ ಕೂಡುವದನ್ನೂ ಕಂಡ ಕೆಲವರು, “ಕುದಿಸಿದರೆ ನೀರು ಕೆಡುತ್ತದೆ, ಅದರಲ್ಲಿ ಸುಣ್ಣವೇಳುತ್ತದೆ, ಹಸಿನೀರೇ ಲೇಸು” ಎಂದು ಹೇಳಿ ನೀರು ಕುದಿಸುವ ರೂಢಿಯನ್ನೇ ಬಿಟ್ಟುಬಿಡುತ್ತಾರೆ. ಬಿಳೀ ಪುಡಿಯಿಂದ ತಮ್ಮ ಮಕ್ಕಳನ್ನು ತಪ್ಪಿಸಲಿಕ್ಕೆ ಹೋಗಿ, ವಾಂತಿಭೇದಿಗೂ ವಿಷಮಶೀತ ಜ್ವರಕ್ಕೂ ಬಾಗಿಲು ತೆರೆಯುತ್ತಾರೆ. ಈ ತಪ್ಪು ತಿಳುವಳಿಕೆಯು ಹೋಗಬೇಕಾದರೆ ಆ ಕಲ್ಲು ಎಲ್ಲಿಂದ ಬಂತು, ಹೇಗೆ ಕಟ್ಟಿತು, ಅದರಿಂದ ಆಗುವ ಕೇಡೇನು, ಆಗದ ಕೇಡೇನು ಎಂಬದನ್ನು ಕ್ರಮವಾಗಿ ಅರಿಯತಕ್ಕದ್ದು.

ಮಳೆಯ ನೀರು ಆಕಾಶದಿಂದ ಇಳಿಯುವಾಗ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಆದರೂ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು, ಅಂದರೆ ಈಗಿನ ಪಾಠಪುಸ್ತಕಗಳು ಕಾರ್ಬನ್ ಡೈಆಕ್ಸೈಡ್ ಎಂದು ಕರೆಯುವದನ್ನು, ಅದು ಸ್ವಲ್ಪ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನೆಲದೊಳಗೆ ಇಂಗಿದ ಮೇಲೆ ಈ ವಾಯುವು ಅದಕ್ಕೆ ಇನ್ನೂ ಹೇರಳವಾಗಿ ದೊರೆಯುತ್ತದೆ. ಯಾಕಂದರೆ ಗಿಡಗಳ ಬೇರುಗಳೂ ಮಣ್ಣಿನಲ್ಲಿ ಕೊಳೆಯುವ ಎಲೆ ಕಡ್ಡಿಗಳೂ ಅಲ್ಲಿರುವ ಸೂಕ್ಷ್ಮ ಜೀವಿಗಳೂ ಅದನ್ನು ಎಡೆಬಿಡದೆ ಹೊರಗೆಡಹುತ್ತಲಿರುತ್ತವೆ. ಹೀಗೆ ವಾಯುವನ್ನು ಕುಡಿದ ನೀರು ಅತಿ ದುರ್ಬಲವಾದ ಒಂದು ಹುಳಿಯಾಗುತ್ತದೆ. ನಾಲಿಗೆಗೆ ಅದು ತಿಳಿಯದು. ಸುಣ್ಣದ ಕಲ್ಲಿಗೆ ಮಾತ್ರ ತಿಳಿಯುತ್ತದೆ.

ಸುಣ್ಣದ ಕಲ್ಲೂ, ಸೀಮೆಸುಣ್ಣವೂ, ಅಮೃತಶಿಲೆಯೂ, ಕಪ್ಪು ನೆಲದಲ್ಲಿ ಸಿಕ್ಕುವ ಬಿಳೀ ಸುಣ್ಣದ ಹರಳುಗಳೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ವಸ್ತುವು. ಅದರ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ವಾಯುವಿಲ್ಲದ ಶುದ್ಧ ನೀರಿನಲ್ಲಿ ಇದು ಕರಗುವದು ಅತ್ಯಲ್ಪವು. ಒಂದು ಲೀಟರಿನಲ್ಲಿ ಸುಮಾರು 14 ಮಿಲಿಗ್ರಾಂ ಮಾತ್ರವೇ. ಆದರೆ ಇಂಗಾಲಾಮ್ಲ ವಾಯುವನ್ನು ಹೊತ್ತ ನೀರು ಇದೇ ಕಲ್ಲನ್ನು ಬೈಕಾರ್ಬೊನೇಟ್ ಎಂಬ ಬೇರೊಂದು ರೂಪಕ್ಕೆ ತಿರುಗಿಸಿ, ಲೀಟರಿಗೆ ನೂರಾರು ಮಿಲಿಗ್ರಾಮುಗಳಷ್ಟನ್ನು ಸುಲಭವಾಗಿ ಒಳಗೆ ಅಡಗಿಸಿಕೊಳ್ಳುತ್ತದೆ. ಸಕ್ಕರೆ ಕರಗಿದ ನೀರು ಹೇಗೆ ತಿಳಿಯಾಗಿ ಕಾಣುವದೋ ಹಾಗೆಯೇ ಕಲ್ಲು ಕರಗಿದ ಈ ನೀರೂ ತಿಳಿಯಾಗಿಯೇ ಕಾಣುವದು. ಬಾವಿಯಿಂದ ಸೇದುವ ನೀರು ಇಂಥಾದ್ದು.

ಆದಕಾರಣ ಊರಿನ ನೆಲಕ್ಕೆ ತಕ್ಕ ಹಾಗೆ ನೀರೂ ಇರುತ್ತದೆ. ಮಂಗಳೂರಿನ ಕಡೆಯ ಮುರಕಲ್ಲಿನ ನೆಲದಲ್ಲಿ ಕರಗತಕ್ಕ ಸುಣ್ಣವು ಕಡಿಮೆ, ಮಳೆಯೋ ವಿಪರೀತ. ಅಲ್ಲಿಯ ಬಾವಿಗಳ ನೀರು ಸಾಧಾರಣವಾಗಿ ಮೃದುವಾದದ್ದು. ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿಯಾದರೋ ಸುಣ್ಣದ ಕಲ್ಲಿನ ಹಾಸುಗಳೇ ನೆಲದಡಿಯಲ್ಲಿ ಹರಡಿವೆ. ಮನೆಗಳಿಗೆ ಹಾಸುವ ಶಹಾಬಾದಿನ ಕಲ್ಲು ಇದೇ ಜಾತಿಯದು. ವಾಡಿ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ನಿಂತಿರುವದೂ ಈ ಕಲ್ಲಿನ ದೆಸೆಯಿಂದಲೇ. ಕರಾವಳಿಯಿಂದ ಬಂದ ಹುಡುಗಿಯು ಬಯಲುಸೀಮೆಯ ವಸತಿಗೃಹದಲ್ಲಿ ಮೊದಲ ದಿನ ತಲೆ ತೊಳೆದುಕೊಂಡು, “ಇಲ್ಲಿಯ ಸಾಬೂನಿಗೆ ನೊರೆಯೇ ಇಲ್ಲವಲ್ಲಾ” ಎಂದು ಅಂದರೆ, ದೋಷವು ಸಾಬೂನಿನದಲ್ಲ, ನೀರಿನ ಗಡಸುತನದ್ದು.

ಇನ್ನು ಈ ನೀರನ್ನು ಒಲೆಯ ಮೇಲಿಟ್ಟರೆ ಏನಾಗುವದು? ಕಾದಷ್ಟೂ ನೀರಿನೊಳಗಿನ ವಾಯುವು ಗುಳ್ಳೆಗಳಾಗಿ ಹೊರಗೆ ಹೋಗುತ್ತದೆ. ಯಾವ ವಾಯುವಿನ ಬಲದಿಂದ ಸುಣ್ಣವು ಕರಗಿತ್ತೋ ಆ ವಾಯುವು ಬಿಟ್ಟುಹೋದ ಕೂಡಲೇ ಬೈಕಾರ್ಬೊನೇಟು ಒಡೆದು, ಮೊದಲಿನ ಸುಣ್ಣದ ಕಲ್ಲು ತಿರಿಗಿ ಹುಟ್ಟುತ್ತದೆ. ಅದಲ್ಲದೆ ಈ ವಸ್ತುವಿನ ಸ್ವಭಾವವು ಸಕ್ಕರೆಯ ಸ್ವಭಾವಕ್ಕೆ ವಿರುದ್ಧವಾದದ್ದು. ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಇದಾದರೋ ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಪಾತ್ರೆಯಲ್ಲಿ ಎಲ್ಲಕ್ಕೂ ಹೆಚ್ಚು ಬಿಸಿಯಾದ ಸ್ಥಳವು ಬೆಂಕಿ ತಾಗುವ ಬುಡವೇ ಆಗಿರುವದರಿಂದ ಹಕ್ಕಳೆಯು ಮುಖ್ಯವಾಗಿ ಅಲ್ಲಿಯೇ ಕೂಡುತ್ತದೆ. ಲೋಹದ ಮೈಯಲ್ಲಿರುವ ಗೀರು ತಗ್ಗುಗಳಲ್ಲಿ ಮೊದಲು ಅತಿ ಸಣ್ಣ ಹರಳುಗಳು ಹಿಡಿಯುತ್ತವೆ. ಆಮೇಲೆ ಬರುವ ಸುಣ್ಣವು ಹೊಸ ಸ್ಥಳವನ್ನು ಹುಡುಕುವದಕ್ಕಿಂತ ಇದ್ದ ಹರಳಿನ ಮೇಲೆಯೇ ಸುಲಭವಾಗಿ ಬೆಳೆಯುತ್ತದೆ. ಹೀಗೆ ಹಳೆಯ ಹಕ್ಕಳೆಯೇ ಹೊಸ ಹಕ್ಕಳೆಗೆ ಆಧಾರವಾಗುವದು. ಚೊಕ್ಕಟವಾದ ಪಾತ್ರೆಯಲ್ಲಿ ನಿಧಾನವಾಗಿಯೂ, ಒಮ್ಮೆ ಕಟ್ಟಿದ ಪಾತ್ರೆಯಲ್ಲಿ ಬೇಗನೆಯೂ ಕಲ್ಲು ಬೆಳೆಯುವದಕ್ಕೆ ಇದೇ ಕಾರಣವು.

ಈ ಮಾತನ್ನು ಕಣ್ಣಾರೆ ಕಾಣಬೇಕೆಂದಿರುವ ವಿದ್ಯಾರ್ಥಿನಿಯರು ಒಂದು ಪ್ರಯೋಗವನ್ನು ಮಾಡಬಹುದು. ಎಲೆಯಡಿಕೆಯ ಸುಣ್ಣವನ್ನು ಒಂದು ಚಿಟಿಕೆಯಷ್ಟು ಸೀಸೆಯ ನೀರಿನಲ್ಲಿ ಕದಡಿ, ಬಿರಡೆ ಹಾಕಿ, ಒಂದು ರಾತ್ರಿ ಇಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಸುಣ್ಣದ ತಿಳಿನೀರು ದೊರೆಯುತ್ತದೆ. ಅದಕ್ಕೆ ಅಷ್ಟೇ ಶುದ್ಧ ನೀರನ್ನು ಬೆರಸಿರಿ. ಪ್ರಯೋಗಶಾಲೆಯಲ್ಲಿ ಅಧ್ಯಾಪಕಿಯ ಎದುರಿನಲ್ಲಿ ಅಮೃತಶಿಲೆಯ ಚೂರುಗಳ ಮೇಲೆ ದುರ್ಬಲವಾದ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿ, ಏಳುವ ವಾಯುವನ್ನು ಕೊಳವೆಯ ಮೂಲಕ ಈ ತಿಳಿನೀರಿಗೆ ಬಿಡಿರಿ. ಮೊದಲು ನೀರು ಹಾಲಿನಂತೆ ಬೆಳ್ಳಗಾಗುವದು. ಸುಣ್ಣವು ಸುಣ್ಣದ ಕಲ್ಲಾಯಿತು. ವಾಯುವನ್ನು ಇನ್ನೂ ಬಿಡುತ್ತಲಿದ್ದರೆ ಹಾಲು ಮಾಯವಾಗಿ ನೀರು ಮತ್ತೆ ತಿಳಿಯಾಗುವದು. ಕಲ್ಲು ಕರಗಿತು, ಗಡಸು ನೀರಾಯಿತು. ಈಗ ಈ ತಿಳಿನೀರನ್ನು ಪ್ರನಾಳಿಕೆಯಲ್ಲಿ ಕಾಯಿಸಿರಿ. ಅದು ಎರಡನೆಯ ಸಾರಿ ಬೆಳ್ಳಗಾಗುವದು. ಮಳೆ, ಮಣ್ಣು, ಬಾವಿ, ಹಂಡೆ, ಈ ನಾಲ್ಕರ ಕಥೆಯೂ ಗಾಜಿನ ಒಂದು ಪ್ರನಾಳಿಕೆಯಲ್ಲಿ ಕಾಲು ಗಂಟೆಯೊಳಗೆ ನಡೆದುಹೋಗುವದು. ಒಲೆಯು ನೀರಿಗೆ ಏನನ್ನೂ ಕೂಡಿಸಲಿಲ್ಲ, ಅದರಲ್ಲಿ ಮೊದಲೇ ಇದ್ದದ್ದನ್ನು ಹೊರಗೆ ಹಾಕಿತು ಎಂಬದು ಇದರಿಂದ ಸಿದ್ಧವಾಗುತ್ತದೆ.

ಈ ರಹಸ್ಯವನ್ನು ಮೊದಲು ಬಿಡಿಸಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನು ಮುಖ್ಯನು. ಲಂಡನ್ ನಗರದ ರಾಥ್‌ಬೋನ್ ಪ್ಲೇಸ್ ಎಂಬ ಸ್ಥಳದ ನೀರನ್ನು ಅವನು ಪರೀಕ್ಷಿಸಿ, ಅದರಲ್ಲಿ ಸುಣ್ಣವು ಕರಗಿ ನಿಂತಿರುವದು ಹೆಚ್ಚಾದ ಇಂಗಾಲಾಮ್ಲ ವಾಯುವಿನ ದೆಸೆಯಿಂದಲೇ ಎಂದು 1767ರಲ್ಲಿ ಪ್ರಕಟಿಸಿದನು. ಆಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕನು 1841ರಲ್ಲಿ ಗಡಸು ನೀರನ್ನು ಮೃದು ಮಾಡುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಅವನ ಉಪಾಯವು ಕೇಳುವದಕ್ಕೆ ವಿಚಿತ್ರವಾದದ್ದು. ಅದೇನಂದರೆ, ನೀರಿನೊಳಗಿನ ಸುಣ್ಣವನ್ನು ತೆಗೆಯುವದಕ್ಕೆ ಇನ್ನಷ್ಟು ಸುಣ್ಣವನ್ನೇ ಹಾಕುವದು! ಹಾಕಿದ ಸುಣ್ಣವು ನೀರಿನಲ್ಲಿದ್ದ ವಾಯುವನ್ನು ಹೀರಿಕೊಳ್ಳುತ್ತದೆ. ಆಧಾರ ತಪ್ಪಿದ ಹಳೆಯ ಸುಣ್ಣವೂ, ವಾಯುವನ್ನು ಹೀರಿದ ಹೊಸ ಸುಣ್ಣವೂ ಎರಡೂ ಕಲ್ಲಾಗಿ ತಳಕ್ಕಿಳಿಯುತ್ತವೆ. ದೊಡ್ಡ ನಗರಗಳ ನೀರಿನ ಕಾರ್ಖಾನೆಗಳಲ್ಲಿ ಈ ಕ್ರಮವು ಇಂದಿಗೂ ಬಳಕೆಯಲ್ಲಿದೆ.

ಕಲ್ಲು ಕಟ್ಟುವದಕ್ಕೆ ಬೆಂಕಿಯೇ ಬೇಕೆಂದಿಲ್ಲ. ವಾಯುವು ಹೊರಟುಹೋಗುವದಕ್ಕೆ ಅನುಕೂಲವಾದರೆ ಸಾಕು. ಆಂಧ್ರ ದೇಶದ ಬೆಲುಂ ಗವಿಗಳಲ್ಲಿಯೂ ವಿಶಾಖಪಟ್ಟಣದ ಹತ್ತಿರದ ಬೊರ್ರಾ ಗವಿಗಳಲ್ಲಿಯೂ ಮೇಲಿನಿಂದ ತೊಟ್ಟಿಕ್ಕುವ ನೀರು ತನ್ನ ವಾಯುವನ್ನು ಗವಿಯ ಗಾಳಿಗೆ ಬಿಟ್ಟುಕೊಟ್ಟು, ಒಂದೊಂದು ಹನಿಗೂ ಕಣ್ಣಿಗೆ ಕಾಣದಷ್ಟು ಸುಣ್ಣವನ್ನು ಇರಿಸಿ ಇರಿಸಿ, ಕಲ್ಲಿನ ಬಿಳಲುಗಳನ್ನೂ ಕಂಬಗಳನ್ನೂ ಕಟ್ಟಿದೆ. ಸೋರುವ ನಲ್ಲಿಯ ಮೂತಿಯಲ್ಲಿ ಕಟ್ಟುವ ಹಕ್ಕಳೆಯೂ ಹೀಗೆಯೇ ಆದದ್ದು. ಅಲ್ಲಿ ನೀರು ಆರಿಹೋಗುವದೂ ಅದಕ್ಕೆ ನೆರವಾಗುತ್ತದೆ.

ಮನುಷ್ಯರು ಕಟ್ಟಿದ ಕಾಲುವೆಗಳೊಳಗೆ ಹೀಗೆ ಬೆಳೆದ ಕಲ್ಲಿಗೆ ಜರ್ಮನಿಯಲ್ಲಿ ಪ್ರಸಿದ್ಧವಾದ ಉದಾಹರಣೆಯೊಂದಿದೆ. ರೋಮನರು ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿ ಐಫೆಲ್ ಬೆಟ್ಟಗಳ ಊಟೆಗಳಿಂದ ಕೊಲೋನ್ ಪಟ್ಟಣಕ್ಕೆ ಸುಮಾರು 95 ಕಿಲೋಮೀಟರು ಉದ್ದದ ನೀರಿನ ಕಾಲುವೆಯನ್ನು ಕಟ್ಟಿದರು. ಆ ನೀರು ಸುಣ್ಣದಿಂದ ತುಂಬಿದ್ದಾದಕಾರಣ, ಕಾಲುವೆಯ ಗೋಡೆಗಳ ಮೇಲೆ ಪದರದ ಮೇಲೆ ಪದರವಾಗಿ, ಕೆಲವು ಕಡೆ 30 ಸೆಂಟಿಮೀಟರಿನ ತನಕ ದಪ್ಪನಾದ ಕಲ್ಲು ಬೆಳೆಯಿತು. ರೋಮನರ ರಾಜ್ಯವು ಅಳಿದು ಎಷ್ಟೋ ಶತಮಾನಗಳಾದ ಮೇಲೆ ಆ ಸೀಮೆಯ ಕಲ್ಲುಕುಟಿಗರು ಪಾಳುಬಿದ್ದ ಕಾಲುವೆಯಿಂದ ಈ ಹಕ್ಕಳೆಯನ್ನು ಕಿತ್ತು, ಕೊಯ್ದು, ಉಜ್ಜಿ ಮೆರುಗು ಕೊಟ್ಟರು. ಕಂದು ಗೆರೆಗಳ ಅಮೃತಶಿಲೆಯಂತೆ ಹೊಳೆಯುವ ಆ ಕಲ್ಲಿನಿಂದ ಕ್ರೈಸ್ತ ದೇವಾಲಯಗಳ ಕಂಬಗಳೂ ಯಜ್ಞವೇದಿಯ ಚಪ್ಪಡಿಗಳೂ ಆದವು. ಡೆನ್ಮಾರ್ಕಿನ ರೋಸ್ಕಿಲ್ಡೆಯ ದೇವಾಲಯದ ವರೆಗೂ ಅದು ಹೋಗಿ ಸೇರಿದೆ. ನಮ್ಮ ಹಂಡೆಯ ಕಲ್ಲೂ ಆ ವೇದಿಯ ಕಲ್ಲೂ ಒಂದೇ ಕುಲದವು.

ಆದರೆ ಹಂಡೆಯಲ್ಲಿರುವವರೆಗೆ ಅದು ನಷ್ಟವನ್ನೇ ಉಂಟುಮಾಡುವದು. ಅದರಿಂದಾಗುವ ಮೊದಲನೆಯ ನಷ್ಟವು ಸೌದೆಯದು. ತಾಮ್ರವು ಶಾಖವನ್ನು ಬಹು ಚೆನ್ನಾಗಿ ಸಾಗಿಸುತ್ತದೆ. ಈ ಹಕ್ಕಳೆಯು ತಾಮ್ರದ ನೂರರಲ್ಲೊಂದು ಪಾಲಿನಷ್ಟೂ ಸಾಗಿಸದು. ಬೆಂಕಿಗೂ ನೀರಿಗೂ ನಡುವೆ ಕಲ್ಲಿನ ಗೋಡೆಯನ್ನು ಕಟ್ಟಿದಂತಾಗಿ, ಅದೇ ನೀರನ್ನು ಕಾಯಿಸಲಿಕ್ಕೆ ಹೆಚ್ಚು ಹೊತ್ತೂ ಹೆಚ್ಚು ಉರುವಲೂ ಹಿಡಿಯುತ್ತದೆ. ಉರುವಲನ್ನು ತಲೆಯ ಮೇಲೆ ಹೊತ್ತು ತರುವವರು ಯಾರೆಂಬದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಹೇಳಬೇಕಾದದ್ದಿಲ್ಲ.

ಕಲ್ಲು ಎಷ್ಟು ಕೂಡಬಹುದೆಂಬದನ್ನು ಲೆಕ್ಕ ಹಾಕಿ ನೋಡೋಣ. ಒಂದು ವಸತಿಗೃಹದಲ್ಲಿ ದಿನಕ್ಕೆ 100 ಲೀಟರು ನೀರನ್ನು ಕುದಿಸುವರೆಂದೂ, ಕುದಿಸಿದರೆ ಬೇರ್ಪಡತಕ್ಕ ಸುಣ್ಣವು ಲೀಟರಿಗೆ 300 ಮಿಲಿಗ್ರಾಂ ಇರುವದೆಂದೂ ಇಟ್ಟುಕೊಳ್ಳೋಣ. ದಿನಕ್ಕೆ 30 ಗ್ರಾಂ ಆಯಿತು. ಒಂದು ಹಿಡಿಯಷ್ಟೂ ಅಲ್ಲ. 365 ದಿವಸಕ್ಕೆ 10,950 ಗ್ರಾಂ, ಅಂದರೆ ಹತ್ತಿರ ಹತ್ತಿರ 11 ಕಿಲೋಗ್ರಾಂ. ಇದರಲ್ಲಿ ಅರ್ಧವು ನೀರಿನೊಂದಿಗೆ ಹೊರಗೆ ಹೋಯಿತೆಂದರೂ ಐದು ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲು ಒಳಗೆ ಉಳಿಯಿತು. ದಿನದಿನದ ಅಲ್ಪವನ್ನು ಲೆಕ್ಕಿಸದವರು ವರುಷದ ಕೊನೆಯಲ್ಲಿ ಸುತ್ತಿಗೆಯನ್ನು ಹುಡುಕುವರು.

ಗೀಸರಿನಲ್ಲಿ ವಿದ್ಯುತ್ತಿನಿಂದ ಕಾಯುವ ಕಂಬಿಯ ಮೇಲೆ ಹಕ್ಕಳೆ ದಪ್ಪನಾದರೆ, ಶಾಖವು ನೀರಿಗೆ ದಾಟಲಾರದೆ ಕಂಬಿಯೇ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ. ಕಾರ್ಖಾನೆಗಳ ಉಗಿಯಂತ್ರದ ಬಾಯ್ಲರುಗಳಲ್ಲಿ ಈ ಕೇಡು ಪ್ರಾಣಾಪಾಯವಾಗಿ ಪರಿಣಮಿಸುವದು. ಅಲ್ಲಿ ಸುಣ್ಣದ ಕಾರ್ಬೊನೇಟು ಮಾತ್ರವಲ್ಲದೆ, ಜಿಪ್ಸಮ್ ಎಂಬ ಇನ್ನೊಂದು ಸುಣ್ಣದ ಲವಣವೂ ಹೆಚ್ಚಿನ ಶಾಖದಲ್ಲಿ ಕರಗಿರಲಾರದೆ ಅತಿ ಕಠಿಣವಾದ ಪೊರೆಯಾಗಿ ಕೂಡುತ್ತದೆ. ಪೊರೆಯ ಹಿಂದಿನ ಉಕ್ಕಿನ ತಗಡು ನೀರಿನ ತಂಪನ್ನು ಕಾಣದೆ ಕೆಂಪಗೆ ಕಾದು ಮೆತ್ತಗಾಗಿ ಒಳಗಿನ ಒತ್ತಡಕ್ಕೆ ಉಬ್ಬುತ್ತದೆ, ಕೆಲವು ಸಾರಿ ಸಿಡಿದೂ ಹೋಗುತ್ತದೆ. ಬಾಯ್ಲರುಗಳು ಸಿಡಿಯುವದಕ್ಕೆ ಇದೊಂದೇ ಕಾರಣವಲ್ಲ; ಆದರೂ ಇದು ಮುಖ್ಯ ಕಾರಣಗಳಲ್ಲೊಂದು. ಇಂಥ ಅನಾಹುತಗಳನ್ನು ತಡೆಯಲಿಕ್ಕೆ 1854ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದು ಸಂಘವು ಹುಟ್ಟಿತು. ನಮ್ಮ ದೇಶದಲ್ಲಿ ಬಾಯ್ಲರುಗಳನ್ನು ಕಾಲಕಾಲಕ್ಕೆ ತೆರೆದು ಪರೀಕ್ಷಿಸುವ ವಿಷಯವಾಗಿ 1923ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಾಯಿತು.

ಗಡಸು ನೀರಿನ ಇನ್ನೆರಡು ತೊಂದರೆಗಳು ಅಡಿಗೆಮನೆಗೂ ಅಗಸರ ಕಟ್ಟೆಗೂ ಸಂಬಂಧಪಟ್ಟವು. ಸಾಬೂನು ಇಂಥ ನೀರಿನಲ್ಲಿ ನೊರೆಯಾಗುವದಕ್ಕೆ ಮುಂಚೆ ಸುಣ್ಣದೊಂದಿಗೆ ಕೂಡಿ, ಒಡೆದ ಹಾಲಿನ ಗಷ್ಟೆಯಂಥ ಅಂಟು ಪದಾರ್ಥವಾಗಿ ಬಟ್ಟೆಗೆ ಹತ್ತುತ್ತದೆ. ಎಲ್ಲಾ ಸುಣ್ಣವೂ ಹೀಗೆ ಮುಗಿದ ಮೇಲೆಯೇ ನೊರೆಯೇಳುವದು. ಅಷ್ಟರ ವರೆಗಿನ ಸಾಬೂನು ವ್ಯರ್ಥವು. ತೊಗರಿ ಕಡಲೆಗಳು ಈ ನೀರಿನಲ್ಲಿ ಬೇಗ ಬೇಯವು. ಯಾಕಂದರೆ ಕಾಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟನ್ನು ಸುಣ್ಣವು ಬಿಗಿ ಮಾಡುತ್ತದೆ. ಬೇಳೆ ಬೇಯಲಿಲ್ಲವೆಂದು ಸೊಸೆಯನ್ನು ಬೈಯುವ ಮನೆಯವರು ಮೊದಲು ಬಾವಿಯನ್ನು ವಿಚಾರಿಸತಕ್ಕದ್ದು.

ನಿಮ್ಮ ಊರಿನ ನೀರು ಎಷ್ಟು ಗಡಸೆಂಬದನ್ನು ಮನೆಯಲ್ಲಿಯೇ ಸ್ಥೂಲವಾಗಿ ತಿಳಿಯಬಹುದು. ಒಂದೇ ಅಳತೆಯ ಮೂರು ಸೀಸೆಗಳಲ್ಲಿ ಮಳೆಯ ನೀರು, ಬಾವಿಯ ನೀರು, ಬಾವಿಯದನ್ನೇ ಕುದಿಸಿ ಆರಿಸಿ ಬಟ್ಟೆಯಲ್ಲಿ ಶೋಧಿಸಿದ ನೀರು, ಇವುಗಳನ್ನು ಸರಿಸಮವಾಗಿ ತುಂಬಿರಿ. ಸಾಬೂನನ್ನು ಕರಗಿಸಿದ ನೀರನ್ನು ಒಂದೊಂದು ಹನಿಯಾಗಿ ಹಾಕುತ್ತಾ ಕುಲುಕಿ, ನೊರೆಯು ಕೆಲವು ನಿಮಿಷ ನಿಲ್ಲುವದಕ್ಕೆ ಎಷ್ಟು ಹನಿ ಬೇಕಾಯಿತೆಂಬದನ್ನು ಎಣಿಸಿರಿ. ಎರಡನೆಯ ಸೀಸೆಗೂ ಮೂರನೆಯ ಸೀಸೆಗೂ ಇರುವ ವ್ಯತ್ಯಾಸವೇ ಕುದಿಸಿದರೆ ಹೋಗುವ ತಾತ್ಕಾಲಿಕ ಗಡಸುತನ. ಮೂರನೆಯದಕ್ಕೆ ಮಳೆಯ ನೀರಿಗಿಂತ ಹೆಚ್ಚಾಗಿ ಬೇಕಾದದ್ದು, ಜಿಪ್ಸಮ್ ಮೊದಲಾದ ಲವಣಗಳಿಂದಾದ, ಕುದಿಸಿದರೂ ಬಹುಮಟ್ಟಿಗೆ ಉಳಿಯುವ ಶಾಶ್ವತ ಗಡಸುತನ. ಇದಕ್ಕೆ ಹಳೆಯ ರೀತಿಯ ಸಾಬೂನೇ ಬೇಕು. ಡಿಟರ್ಜಂಟ್ ಪುಡಿಯು ಗಡಸು ನೀರಿನಲ್ಲಿಯೂ ನೊರೆ ಕೊಡುವದರಿಂದ ಪ್ರಯೋಗವು ಕೆಡುತ್ತದೆ.

ಇನ್ನು ತಾಯಂದಿರನ್ನು ಹೆದರಿಸುವ ಪ್ರಶ್ನೆಗೆ ಬರೋಣ. ಪಾತ್ರೆಯಲ್ಲಿ ಕಲ್ಲು ಕಟ್ಟಿಸುವ ನೀರು ಹೊಟ್ಟೆಯಲ್ಲಿಯೂ ಕಲ್ಲು ಕಟ್ಟಿಸದೇ? ಹಂಡೆಯ ಕಲ್ಲು ಕಾರ್ಬೊನೇಟಿನದು. ಮೂತ್ರಪಿಂಡದಲ್ಲಿ ಆಗುವ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಬೇರೆ ಪದಾರ್ಥದವು. ಅವು ಕಟ್ಟುವ ರೀತಿಯೂ ಬೇರೆ. ಅವುಗಳಿಗೆ ದೊಡ್ಡ ಸಹಾಯವಾಗುವದು ನೀರನ್ನು ಸಾಕಷ್ಟು ಕುಡಿಯದೆ ಮೂತ್ರವು ಮಂದವಾಗುವದೇ. ಆದಕಾರಣ ಸುಣ್ಣಕ್ಕೆ ಹೆದರಿ ನೀರನ್ನು ಕಡಿಮೆ ಕುಡಿಯುವವರು ತಪ್ಪಿಸಬೇಕೆಂದಿದ್ದ ರೋಗವನ್ನೇ ಕರೆದಂತಾಗುವದು. ವಿಶ್ವ ಆರೋಗ್ಯ ಸಂಸ್ಥೆಯವರು ನೀರಿನ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಗೊತ್ತುಮಾಡಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರುವದು ಉತ್ತಮವೆಂದೂ, ಬೇರೆ ನೀರು ಇಲ್ಲದ ಕಡೆ 600ರ ವರೆಗೆ ಸಲ್ಲುವದೆಂದೂ ಹೇಳಿದೆ. ಮೊದಲೇ ಮೂತ್ರಪಿಂಡದ ರೋಗವುಳ್ಳವರು ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಉಳಿದವರು ಧೈರ್ಯವಾಗಿ ನೀರನ್ನು ಕುದಿಸಿ, ಆರಿಸಿ, ತಿಳಿಯಾದ ಮೇಲೆ ಬಗ್ಗಿಸಿಕೊಂಡು, ಬಾಯಾರಿಕೆ ತೀರುವಷ್ಟು ಕುಡಿಯಬಹುದು. ತಳದಲ್ಲಿ ಬಿದ್ದ ಪುಡಿಯು ನಿಮ್ಮ ನೀರಿನಿಂದ ಹೊರಗೆ ಹೋದ ಸುಣ್ಣವು.

ಹಕ್ಕಳೆಯನ್ನು ತೆಗೆಯುವದು ಕಷ್ಟವಲ್ಲ, ಅದು ತೆಳುವಾಗಿರುವಾಗ ಕೈಯಿಕ್ಕಿದರೆ. ಹುಣಿಸೆಯ ಹುಳಿಯನ್ನಾಗಲಿ, ನಿಂಬೆಯ ರಸವನ್ನಾಗಲಿ, ಸಮಪಾಲು ನೀರು ಬೆರಸಿದ ವಿನಿಗರನ್ನಾಗಲಿ ಪಾತ್ರೆಗೆ ಹಾಕಿ, ಸ್ವಲ್ಪ ಬೆಚ್ಚಗೆ ಮಾಡಿ, ಒಂದು ಗಂಟೆ ಬಿಟ್ಟು ನಾರಿನಿಂದ ಉಜ್ಜಿರಿ. ಸಣ್ಣ ಗುಳ್ಳೆಗಳೆದ್ದರೆ ಅದು ಕಾರ್ಬೊನೇಟೇ ಎಂದು ತಿಳಿಯಿರಿ. ಮಣ್ಣಿನಲ್ಲಿ ನೀರು ಪಡೆದಿದ್ದ ವಾಯುವಿನ ಜಾತಿಯದೇ ಆದ ವಾಯುವು ಈಗ ಹೊರಗೆ ಬರುತ್ತಲಿದೆ. ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಹುಳಿಯನ್ನು ರಾತ್ರಿಯೆಲ್ಲಾ ಇಡಬಾರದು, ಕಿಲುಬೇರುವದು. ಅಲ್ಯುಮಿನಿಯಮ್ ಪಾತ್ರೆಗಳನ್ನೂ ಹುಳಿ ತಿನ್ನುವದರಿಂದ ಬೇಗ ತೊಳೆದುಬಿಡಬೇಕು. ಉಳಿ ಸುತ್ತಿಗೆಗಳಿಂದ ಹೊಡೆದರೆ ಕಲಾಯಿಯೂ ಪಾತ್ರೆಯೂ ಹಾಳು. ಶೌಚಗೃಹವನ್ನು ತೊಳೆಯುವ ಉಗ್ರವಾದ ಆಮ್ಲವನ್ನು ಅಡಿಗೆಯ ಪಾತ್ರೆಗಳಿಗೆ ಎಂದೂ ತಾಗಿಸಕೂಡದು. ಅದನ್ನು ಬ್ಲೀಚಿಂಗ್ ಪುಡಿಯೊಂದಿಗೆ ಬೆರಸಿದರಂತೂ ಕ್ಲೋರಿನ್ ಎಂಬ ವಿಷವಾಯು ಎದ್ದು ಶ್ವಾಸಕೋಶಗಳನ್ನು ಸುಡುವದು. ಈ ಎಚ್ಚರಿಕೆಯನ್ನು ಮನೆಯ ಕೆಲಸದವರಿಗೂ ತಿಳಿಸಿರಿ. ಗೀಸರಿನಲ್ಲಿ ಶಾಖವನ್ನು 60 ಡಿಗ್ರಿ ಸೆಂಟಿಗ್ರೇಡಿಗಿಂತ ಏರಿಸದಿದ್ದರೆ ಹಕ್ಕಳೆ ನಿಧಾನವಾಗಿ ಕಟ್ಟುವದು. ಕಂಬಿಯನ್ನು ಕೆಲಸ ಬಲ್ಲವರಿಂದ ಕಾಲಕಾಲಕ್ಕೆ ತೆಗೆಸಿ ಚೊಕ್ಕಟ ಮಾಡಿಸಬೇಕು.

ನೀರನ್ನೇ ಮೃದು ಮಾಡುವ ಯಂತ್ರಗಳೂ ಇವೆ. ಅವುಗಳಲ್ಲಿ ರಾಳದ ಸಣ್ಣ ಮಣಿಗಳು ತಮ್ಮಲ್ಲಿರುವ ಸೋಡಿಯಂ ಅನ್ನು ಕೊಟ್ಟು ನೀರಿನೊಳಗಿನ ಸುಣ್ಣವನ್ನು ತೆಗೆದುಕೊಳ್ಳುತ್ತವೆ. ಮಣಿಗಳ ಶಕ್ತಿ ಮುಗಿದಾಗ ಉಪ್ಪಿನ ನೀರನ್ನು ಹಾಯಿಸಿದರೆ ತಿರಿಗಿ ಕೆಲಸಕ್ಕೆ ಬರುತ್ತವೆ. ಆದರೆ ಎಲ್ಲಕ್ಕೂ ಅಗ್ಗವಾದ ಮೃದು ನೀರು ಮಳೆಯದು. ಮಾಳಿಗೆಯನ್ನು ಗುಡಿಸಿ, ಮೊದಲ ಮಳೆಯನ್ನು ಹರಿಯಬಿಟ್ಟು, ಆಮೇಲಿನದನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಟ್ಟರೆ, ಬೇಳೆ ಬೇಯಿಸುವದಕ್ಕೂ ತಲೆ ತೊಳೆಯುವದಕ್ಕೂ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಕುಡಿಯುವದಾದರೆ ಅದನ್ನೂ ಕುದಿಸಬೇಕು.

ಕೊನೆಯದಾಗಿ ಎಲ್ಲಕ್ಕೂ ಮುಖ್ಯವಾದ ಮಾತು. ಹಂಡೆಯ ಕಲ್ಲು ನಮಗೆ ಸುಣ್ಣದ ಸಂಗತಿಯೊಂದನ್ನೇ ತಿಳಿಸುತ್ತದೆ. ಕಲ್ಲು ಕಟ್ಟದ ಹಂಡೆಯು ನೀರು ಒಳ್ಳೆಯದೆಂಬದಕ್ಕೆ ಸಾಕ್ಷಿಯಲ್ಲ. ಫ್ಲೋರೈಡ್ ಎಂಬ ಲವಣವು ಬಣ್ಣ ರುಚಿಗಳಿಂದಲೂ ಹಕ್ಕಳೆಯಿಂದಲೂ ತನ್ನನ್ನು ತೋರಗೊಡದು. ಅದು ಮಿತಿಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲುಗಳು ಕಂದಾಗುವವು. ಬಹುಕಾಲ ಕುಡಿದವರ ಎಲುಬುಗಳೂ ಕೀಲುಗಳೂ ಬಿಗಿದು ಸೊಟ್ಟಗಾಗುವವು. ನಮ್ಮ ದೇಶದಲ್ಲಿ ಈ ರೋಗವು ಮೊದಲು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಲ್ಪಟ್ಟಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ ಜಿಲ್ಲೆಗಳ ಕೆಲವು ಕಡೆಗಳಲ್ಲಿಯೂ ಕೊಳವೆಬಾವಿಗಳ ನೀರಿನಲ್ಲಿ ಇದು ಇದೆ. ಸುಣ್ಣವು ಹೇರಳವಾಗಿದ್ದ ನೀರಿನಲ್ಲಿ ಫ್ಲೋರೈಡು ಸುಣ್ಣದೊಂದಿಗೆ ಕೂಡಿ ಬೇರ್ಪಡುವದರಿಂದ ಅದು ಕಡಿಮೆಯಾಗುವದುಂಟು. ಸುಣ್ಣ ಕಡಿಮೆಯಾಗಿರುವ, ಪಾತ್ರೆಯನ್ನು ಚೊಕ್ಕಟವಾಗಿ ಉಳಿಸುವ ನೀರಿನಲ್ಲಿಯೇ ಎಷ್ಟೋ ಸಾರಿ ಅದು ಹೆಚ್ಚಾಗಿರುತ್ತದೆ. ಕುದಿಸುವದರಿಂದ ಫ್ಲೋರೈಡು ಹೋಗದು. ಲೀಟರಿಗೆ 1 ಮಿಲಿಗ್ರಾಂ ಒಳಗೆ, ಬೇರೆ ಗತಿಯಿಲ್ಲದಿದ್ದರೆ 1.5ರ ವರೆಗೆ ಎಂಬದು ನಮ್ಮ ದೇಶದ ಮಾನಕವು. ನೀರು ಅದನ್ನು ಮೀರಿದ್ದರೆ ಬೇರೆ ನೀರನ್ನು ಹುಡುಕಬೇಕು, ಮಳೆಯದನ್ನು ಕೂಡಿಡಬೇಕು, ಇಲ್ಲವೆ ಫ್ಲೋರೈಡನ್ನು ತೆಗೆಯುವ ಯಂತ್ರವನ್ನು ಊರಿನಲ್ಲಿ ನಿಲ್ಲಿಸಬೇಕು.

ಇದನ್ನು ತಿಳಿಯುವದಕ್ಕೆ ಪರೀಕ್ಷೆಯೊಂದೇ ಮಾರ್ಗವು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿಯೊಂದು ಹಳ್ಳಿಯಲ್ಲಿ ಐದು ಮಂದಿ ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸತಕ್ಕದ್ದೆಂದು ಗೊತ್ತುಮಾಡಲಾಗಿದೆ. ನಮ್ಮ ಪಾಠಶಾಲೆಯಲ್ಲಿ ಓದಿ ಊರಿಗೆ ಹೋದ ಹೆಣ್ಣುಮಕ್ಕಳು ಆ ಐದು ಮಂದಿಯಲ್ಲಿ ಸೇರದೆ ಇನ್ನಾರು ಸೇರಬೇಕು? ನಿಮ್ಮ ಊರಿನ ಕೊಳವೆಬಾವಿಯ ನೀರು ಪರೀಕ್ಷೆಯಾಗಿದೆಯೇ ಎಂದು ಪಂಚಾಯತಿಯಲ್ಲಿ ವಿಚಾರಿಸಿರಿ; ಆಗಿಲ್ಲವಾದರೆ ಮಾಡಿಸಿರಿ; ಫಲಿತಾಂಶವನ್ನು ಓದಿ ನೆರೆಹೊರೆಯವರಿಗೆ ಅರ್ಥವನ್ನು ಹೇಳಿರಿ. ದೇವರು ನಮಗೆ ಕೊಟ್ಟ ಬುದ್ಧಿಯನ್ನೂ ಇಲ್ಲಿ ಕಲಿತ ವಿದ್ಯೆಯನ್ನೂ ಇಂಥ ಕೆಲಸಕ್ಕೆ ಉಪಯೋಗಿಸಿದರೆ ಪ್ರನಾಳಿಕೆಯೊಳಗೆ ಬೆಳ್ಳಗಾದ ನೀರನ್ನು ನೋಡಿ ಕಲಿತ ಪಾಠವು ಸಾರ್ಥಕವಾಗುವದು.